ಆದೇಶದಿಂದ ಕಾಯಿದೆಗೆ

2020ರಲ್ಲಿ ತಲಪಾಡಿ ಗಡಿ ಮುಚ್ಚಿದಾಗ ನನಗೆ ಕೆನಡಾದ ಕತೆ ನೆನಪಾಯಿತು. 2003ರಲ್ಲಿ ಸಾರ್ಸ್ ರೋಗಕ್ಕೆ ಅಲ್ಲಿ 44 ಮಂದಿ ಸತ್ತರು. ಆಸ್ಪತ್ರೆ ನೋಡಿಕೊಳ್ಳುವುದು ಪ್ರಾಂತ್ಯದ ಕೆಲಸ; ಹೊರದೇಶಗಳಿಗೆ ಉತ್ತರ ಹೇಳಬೇಕಾದದ್ದು ಕೇಂದ್ರ. ಇಬ್ಬರ ನಡುವೆ ಮಾಹಿತಿ ಸರಿಯಾಗಿ ಹರಿಯಲಿಲ್ಲ. ಡಾ. ಡೇವಿಡ್ ನೇಯ್ಲರ್ ಸಮಿತಿ ಈ ಕೊರತೆಯನ್ನೇ ಎತ್ತಿ ತೋರಿಸಿತು.

2004ರಲ್ಲಿ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಹುಟ್ಟಿತು, ಆದರೆ ಬರೀ ಸರಕಾರಿ ಆದೇಶದಿಂದ. ಒಂದು ಆದೇಶವನ್ನು ಇನ್ನೊಂದು ಆದೇಶ ಅಳಿಸಬಹುದಲ್ಲ! 2006ರಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿ ಅದಕ್ಕೆ ಗಟ್ಟಿ ಬುನಾದಿ ಹಾಕಿತು. ಮುಖ್ಯ ಆರೋಗ್ಯಾಧಿಕಾರಿ ಜನರೊಡನೆ ನೇರವಾಗಿ ಮಾತಾಡಬಹುದು. ವರ್ಷಕ್ಕೊಮ್ಮೆ ದೇಶದ ಆರೋಗ್ಯದ ವರದಿ ಕೊಡಲೇಬೇಕು. ಪ್ರಾಂತ್ಯಗಳ ಅಧಿಕಾರ ಮಾತ್ರ ಹಾಗೇ ಉಳಿಯಿತು.

ರೋಗಕ್ಕೆ ಗಡಿಯಿಲ್ಲ. ಗಡಿಯ ಎರಡೂ ಕಡೆಯವರು ಮಾತಾಡಿಕೊಳ್ಳುವ ದಾರಿ ರೋಗ ಬರುವ ಮೊದಲೇ ಇರಬೇಕು. ಮಂಗಳೂರಿನ ಆಸ್ಪತ್ರೆ ನಂಬಿದ ನಮಗೆ ಇದನ್ನು ಬೇರೆ ಹೇಳಬೇಕೆ?