ಹೊಗೆ ತಪಾಸಣೆ ಅಳೆಯದೆ ಬಿಟ್ಟ ಅನಿಲ

ಬೆಂಗಳೂರು ನಗರ ರೈಲು ನಿಲ್ದಾಣದ ಉತ್ತರಕ್ಕಿರುವ ಓಕಳಿಪುರಂ, ಮಲ್ಲೇಶ್ವರ ಮತ್ತು ಶ್ರೀರಾಮಪುರಗಳ ಕಡೆಯಿಂದ ಮೆಜೆಸ್ಟಿಕ್ಕಿಗೆ ಬರುವ ವಾಹನಗಳು ತುಮಕೂರು ಹಾಗೂ ಚೆನ್ನೈ ರೈಲು ಮಾರ್ಗಗಳ ಕೆಳಗೆ ನುಸುಳಿ ಹೋಗಬೇಕಾದ ಇಕ್ಕಟ್ಟಿನ ಜಾಗ ಓಕಳಿಪುರಂ ವೃತ್ತವಾಗಿದ್ದುದರಿಂದಲೇ ಅಲ್ಲಿ ಎಂಟು ಪಥಗಳ ಸಿಗ್ನಲ್‌ರಹಿತ ಕಾರಿಡಾರ್ ಯೋಜನೆ ಹುಟ್ಟಿಕೊಂಡಿತು. ಎಂಜಿನ್ ಆರಿಸದೆ ಗಾಡಿಗಳು ಸಾಲುಗಟ್ಟಿ ನಿಲ್ಲುವ ಇಂಥ ವೃತ್ತಗಳ ಹೊಗೆಯನ್ನು ಕಾನೂನು ಹೇಗೆ ಅಳೆಯಿತು ಎಂಬುದರಷ್ಟೇ, ಅದರಲ್ಲಿ ಯಾವುದನ್ನು ಅಳೆಯದೆ ಬಿಟ್ಟಿತು ಎಂಬುದೂ ವಿಚಾರಯೋಗ್ಯವಾಗಿದೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೆಯ ನಿಯಮವು, ಎಂಜಿನ್ ಐಡಲಿಂಗ್‌ನಲ್ಲಿರುವಾಗ, ಅಂದರೆ ಗಾಡಿ ನಿಂತಲ್ಲೇ ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ, ನಾಲ್ಕು ಚಕ್ರದ ಪೆಟ್ರೋಲ್ ವಾಹನದ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 3ನ್ನು ಮೀರಬಾರದೆಂದು ವಿಧಿಸಿತು. ಸೈಲೆನ್ಸರಿನ ಬಾಯಿಗೆ ಕೊಳವೆ ತೂರಿಸಿ ಕೆಲವೇ ನಿಮಿಷಗಳಲ್ಲಿ ಮುಗಿಸುವ ಈ ಪರೀಕ್ಷೆ ಬೆಂಗಳೂರಿಗರ ಬಾಯಲ್ಲಿ ‘ಎಮಿಷನ್ ಟೆಸ್ಟ್’ ಆಗಿ ನೆಲೆಯಾಯಿತು. ಕಾರ್ಬ್ಯುರೇಟರ್ ಕಾಲದಲ್ಲಿ ಇಂಧನ ಮತ್ತು ಗಾಳಿಯ ಮಿಶ್ರಣವನ್ನು ಹೊಂದಿಸುವ ಸ್ಕ್ರೂವನ್ನು ತುಸು ತಿರುಗಿಸಿದರೆ ಈ ಅಂಕಿಯನ್ನು ಇಳಿಸಿಬಿಡಬಹುದಿತ್ತು.

ಆದರೆ ನೈಟ್ರೋಜನ್ ಆಕ್ಸೈಡುಗಳು ಈ ಪರೀಕ್ಷೆಯ ಲೆಕ್ಕಕ್ಕೆ ಬರಲೇ ಇಲ್ಲ. ಸಿಲಿಂಡರಿನೊಳಗೆ ಉರಿ ಅತಿಯಾಗಿ ಬಿಸಿಯೇರಿದಾಗ ಗಾಳಿಯಲ್ಲಿರುವ ನೈಟ್ರೋಜನ್ನೇ ಆಮ್ಲಜನಕದೊಡನೆ ಸೇರಿ ಹುಟ್ಟುವ ಈ ಅನಿಲಗಳು ಬಿಸಿಲಿನಲ್ಲಿ ನೆಲಮಟ್ಟದ ಓಜೋನಿಗೆ ಕಾರಣವಾಗುತ್ತವೆ. ಇವನ್ನು ತಗ್ಗಿಸಲು 1970ರ ದಶಕದ ಆರಂಭದಲ್ಲಿ ಅಮೆರಿಕದ ಕಾರುಗಳಿಗೆ ಬಂದ ಉಪಾಯವೇ ಇಜಿಆರ್, ಅಂದರೆ ಹೊರಹೋಗುವ ಹೊಗೆಯ ಒಂದು ಪಾಲನ್ನು ವಾಲ್ವ್ ಮೂಲಕ ಮತ್ತೆ ಎಂಜಿನ್ನಿನೊಳಗೆ ಬಿಟ್ಟು ಉರಿಯ ತಾಪವನ್ನು ಇಳಿಸುವ ಏರ್ಪಾಡು. ಪೆಟ್ರೋಲ್ ಕಾರಿನಲ್ಲಿ ಈ ವಾಲ್ವ್ ಐಡಲಿಂಗ್‌ನಲ್ಲಿ ಮುಚ್ಚಿದ್ದು, ಗಾಡಿ ವೇಗ ಹಿಡಿದಾಗ ತೆರೆಯುವುದರಿಂದ, ನಿಂತ ಗಾಡಿಯನ್ನಷ್ಟೇ ನೋಡುವ ತಪಾಸಣೆಗೆ ಅದು ಕೆಟ್ಟಿದ್ದರೂ ಗೊತ್ತಾಗುತ್ತಿರಲಿಲ್ಲ.

ಹೀಗಾಗಿ ಇಜಿಆರ್ ಪರೀಕ್ಷೆ ಗ್ಯಾರೇಜಿನ ಮೆಕ್ಯಾನಿಕ್ಕುಗಳ ವಿದ್ಯೆಯಾಗಿ ಉಳಿಯಿತು, ಮತ್ತು ಅದು ಸಾಮಾನ್ಯ ವಿದ್ಯೆಯಲ್ಲ. ಡಯಾಫ್ರಮ್ ಎಂಬ ತೆಳುಪೊರೆ ಇರುವ ಹಳೆಯ ಬಗೆಯ ವಾಲ್ವಿಗೆ ಕೈಪಂಪು ಜೋಡಿಸಿ ಗಾಳಿ ಎಳೆದಾಗ ಪಂಪಿನ ಮಾಪಕದ ಮುಳ್ಳು ನಿಲ್ಲದೆ ಇಳಿದರೆ ಪೊರೆ ಹರಿದಿದೆ ಎಂದರ್ಥ. ಮುಳ್ಳು ನಿಂತು, ಐಡಲಿಂಗ್‌ನಲ್ಲಿರುವ ಎಂಜಿನ್ ತಡವರಿಸಿದರೆ ಅಥವಾ ಆರಿಹೋದರೆ ವಾಲ್ವೂ ಹೊಗೆದಾರಿಯೂ ಸರಿಯಾಗಿವೆ. ವಾಲ್ವ್ ತೆರೆದರೂ ಎಂಜಿನ್ ಏನೂ ಆಗದಂತೆ ಓಡುತ್ತಿದ್ದರೆ ಒಳದಾರಿ ಮಸಿ ಕಟ್ಟಿ ಮುಚ್ಚಿದೆ. ಡೀಸೆಲ್ ಗಾಡಿಯ ವಾಲ್ವನ್ನು ಬಿಚ್ಚಿದಾಗ ಎಣ್ಣೆಯೊಡನೆ ಬೆರೆತು ಗಟ್ಟಿಯಾದ ಮಸಿ ಸಿಗುವುದು ಸಾಮಾನ್ಯ. ಇನ್ನು ಹೊಗೆಯನ್ನು ತಣಿಸುವ ಕೂಲರ್ ಸೀಳಿದ್ದರೆ ಹೊರಗೆಲ್ಲೂ ಸೋರದೆ ಕೂಲೆಂಟ್ ಕಡಿಮೆಯಾಗುತ್ತ ಹೋಗುವುದರಿಂದ, ಅದನ್ನು ಒತ್ತಡ ಹಾಕಿಯೇ ಪರೀಕ್ಷಿಸಬೇಕಾಗುತ್ತದೆ.

ಹೊಸ ಗಾಡಿಗಳ ಕಾರ್ಖಾನೆ ಮಟ್ಟದ ಮಾನದಂಡಗಳು ಮಾತ್ರ ನೈಟ್ರೋಜನ್ ಆಕ್ಸೈಡುಗಳನ್ನು ಬಿಗಿಯಾಗಿ ಹಿಡಿದವು. ಡೀಸೆಲ್ ಕಾರೊಂದು ಕಿಲೋಮೀಟರಿಗೆ ಹೊರಬಿಡಬಹುದಾದ ನೈಟ್ರೋಜನ್ ಆಕ್ಸೈಡಿನ ಮಿತಿ, ಬೆಂಗಳೂರಿಗೆ 2005ರಲ್ಲಿ ಬಂದ ಭಾರತ್ ಸ್ಟೇಜ್ 3ರಲ್ಲಿ 0.50 ಗ್ರಾಂ ಇದ್ದುದು, 2010ರ ನಾಲ್ಕನೆಯ ಹಂತದಲ್ಲಿ 0.25ಕ್ಕೂ, 2020ರ ಆರನೆಯ ಹಂತದಲ್ಲಿ 0.08ಕ್ಕೂ ಇಳಿಯಿತು. ನಾಲ್ಕನೆಯ ಹಂತದೊಡನೆ ಬಂದ ಒಬಿಡಿ ಎಂಬ ಸ್ವಯಂತಪಾಸಣಾ ವ್ಯವಸ್ಥೆಯಿಂದ ಕೈಪಂಪಿನ ಸ್ಥಾನಕ್ಕೆ ಸ್ಕ್ಯಾನರ್ ಬಂದು, ಕಂಪ್ಯೂಟರ್ ಕೇಳಿದಷ್ಟು ವಾಲ್ವ್ ತೆರೆಯಿತೇ ಎಂದು ಪರದೆಯ ಮೇಲೆಯೇ ತಾಳೆ ನೋಡುವಂತಾಯಿತು. ಎಮಿಷನ್ ಟೆಸ್ಟಿನ ಮಿತಿಯೂ ಬಿಗಿಯಾಗಿ, ಆ ಹಂತದ ಪೆಟ್ರೋಲ್ ಕಾರಿಗೆ ಕಾರ್ಬನ್ ಮಾನಾಕ್ಸೈಡಿನ ಮಿತಿ ಶೇ. 0.3 ಆಯಿತು; ಆದರೂ ನೈಟ್ರೋಜನ್ ಆಕ್ಸೈಡನ್ನು ಅಳೆಯುವ ಕ್ರಮ ಅದರಲ್ಲಿ ಸೇರಲಿಲ್ಲ. ರಸ್ತೆಗಿಳಿದು ವರ್ಷಗಳಾದ ಗಾಡಿಯ ಇಜಿಆರ್ ಮುಚ್ಚಿಹೋಗಿದ್ದರೂ ಪ್ರಮಾಣಪತ್ರ ಸಿಗಬಹುದಾದ ಈ ಸ್ಥಿತಿ, ಓಕಳಿಪುರಂನಂಥ ವೃತ್ತಗಳ ಗಾಳಿಯನ್ನೇ ಉಸಿರಾಡುವವರ ಮಟ್ಟಿಗೆ ಗಂಭೀರ ಲೋಪವಾಗಿದೆ.