ಅಣ್ಣೆ ಸೊಪ್ಪು

ಅಣ್ಣೆ ಸೊಪ್ಪು ಹೊಲಗಳಲ್ಲಿ ತಾನಾಗಿ ಬೆಳೆಯುವ ಏಕವಾರ್ಷಿಕ ಹೂಗಿಡ. ಅಮರಾಂತೇಸಿ (ದಂಟು) ಕುಟುಂಬಕ್ಕೆ ಸೇರಿದೆ. ವೈಜ್ಞಾನಿಕ ಹೆಸರು ಸೆಲೋಸಿಯ ಅರ್ಜೆಂಟಿಯ (ಲಿನೇಯಸ್, 1753). ಮರಾಠಿಯಲ್ಲಿ ಕುರ್ಡು. ಅಲಂಕಾರಕ್ಕೆ ಬೆಳೆಸುವ ಕೋಳಿಜುಟ್ಟಿನ ಹೂ ಇದೇ ಪ್ರಭೇದದ್ದು.

ಲಕ್ಷಣ: ನೆಟ್ಟಗೆ ಬೆಳೆಯುವ ಗಿಡ ಸಾಮಾನ್ಯವಾಗಿ ಮೊಣಕಾಲಿನಿಂದ ಸೊಂಟದೆತ್ತರ ಇರುತ್ತದೆ. ಎಲೆಗಳು ಈಟಿಯಾಕಾರ, ಪರ್ಯಾಯ ಜೋಡಣೆ. ತುದಿಯ ತೆನೆ ಮೊದಲು ಗುಲಾಬಿ, ಬಲಿತಂತೆ ಬೆಳ್ಳಿಬಿಳಿ. ಪುಷ್ಪಪತ್ರಗಳು ಕಾಗದದಂತೆ ಒಣಗಿರುವುದರಿಂದ ಹೂ ಬಹುಕಾಲ ಬಾಡುವುದಿಲ್ಲ. ಬೀಜ ಸಣ್ಣದು, ಕಪ್ಪು, ಹೊಳಪುಳ್ಳದ್ದು.

ಬೆಳೆಯುವ ಪರಿಸರ: ಬಿಸಿಲು, ಬೆಚ್ಚನೆಯ ಹವೆ, ಉತ್ತು ಸಡಿಲಾದ, ನೀರು ನಿಲ್ಲದ ಮಣ್ಣು ಇದಕ್ಕೆ ಬೇಕು. ಉದಾಹರಣೆಗೆ, ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕು ಮಳೆನೆರಳಿನ ಬರಪೀಡಿತ ಸೀಮೆ. ಕರ್ನಾಟಕದ ಗಡಿಗೆ ಸಮೀಪದ ಬಾಲಗಾಂವದಂಥ ಊರುಗಳ ಸುತ್ತಲಿನ ಒಣಬೇಸಾಯದ ಭೂಮಿ ಇಂಥ ಗಿಡಕ್ಕೆ ಒಗ್ಗುತ್ತದೆ. ಮುಂಗಾರಿನ ತೇವಕ್ಕೆ ಮೊಳೆತು, ಸಜ್ಜೆ, ತೊಗರಿ, ಶೇಂಗಾ ಸಾಲುಗಳ ನಡುವೆ ಬೆಳೆದು, ಮಳೆಗಾಲದ ಕೊನೆಯಿಂದ ಹೂ ಬಿಡುತ್ತದೆ.

ಉಪಯೋಗ ಮತ್ತು ನಿಯಂತ್ರಣ: ಎಳೆಯ ಎಲೆ, ಕುಡಿಗಳು ಒಳ್ಳೆಯ ಸೊಪ್ಪು; ಸಾರು, ಪಲ್ಯಕ್ಕೆ ಬಳಸುತ್ತಾರೆ. ನೈಜೀರಿಯಾದಲ್ಲಿ ಇದನ್ನು ತರಕಾರಿಯಾಗಿಯೇ ಬಿತ್ತುತ್ತಾರೆ. ಆದರೆ ಹೊಲದಲ್ಲಿ ದಟ್ಟವಾದರೆ ಬೆಳೆಯ ನೀರು, ಗೊಬ್ಬರ, ಬೆಳಕಿಗೆ ಪೈಪೋಟಿ ಕೊಡುವುದರಿಂದ ಇದು ಕಳೆ. ಬೀಜ ಉದುರುವ ಮುನ್ನ, ಹೂ ಬಿಡುವ ಮೊದಲೇ ಎಡೆ ಹೊಡೆದು ಕೀಳುವುದು ಸೂಕ್ತ.