ಮುಟ್ಟು ನಿಲ್ಲುವ ಕಾಲ: ಗಲ್ಫ್‌ನಲ್ಲಿ ದುಡಿಯುವ ಮಹಿಳೆಯರಿಗೂ ಊರಿನ ಮನೆಯವರಿಗೂ ತಿಳಿದಿರಬೇಕಾದ ಮಾಹಿತಿ

ನಲವತ್ತೈದು ದಾಟಿದ ಹೆಂಗಸಿಗೆ ಇದ್ದಕ್ಕಿದ್ದಂತೆ ಮೈ ಬಿಸಿಯಾಗಿ ಬೆವರು ಕಿತ್ತುಕೊಂಡು ಬಂದರೆ ‘ಇಲ್ಲಿನ ಸೆಕೆಗೆ’ ಅಂತಾರೆ. ರಾತ್ರಿ ನಿದ್ದೆ ಬಾರದಿದ್ದರೆ ‘ಊರಿನ ಚಿಂತೆ’, ಮಂಡಿ ನೋವು ಬಂದರೆ ‘ನಿಂತು ಕೆಲಸ ಮಾಡಿದ್ದಕ್ಕೆ’. ಹೀಗೆ ಗಲ್ಫ್‌ನಲ್ಲಿ ಮುಟ್ಟು ನಿಲ್ಲುವ ಕಾಲದ ಲಕ್ಷಣಗಳಿಗೆ ಬೇರೆ ಬೇರೆ ಹೆಸರು ಬಿದ್ದುಬಿಡುತ್ತದೆ. ಇನ್ನೊಂದು ಕಡೆ, ನಿಜವಾದ ಕಾಯಿಲೆಯೊಂದು ‘ಈ ವಯಸ್ಸಿಗೆ ಇದೆಲ್ಲ ಇದ್ದದ್ದೇ’ ಎಂಬ ಮಾತಿನಡಿ ಅಡಗಿ ಕೂರುವುದೂ ಉಂಟು. ಎರಡನ್ನೂ ಬೇರ್ಪಡಿಸಿ ನೋಡುವುದು ಹೇಗೆ, ಆಸ್ಪತ್ರೆ ಚಿಕಿತ್ಸೆ, ಊಟ, ವ್ಯಾಯಾಮ, ಯೋಗ, ಆಯುರ್ವೇದ ಇವುಗಳಲ್ಲಿ ಯಾವುದು ಎಲ್ಲಿಗೆ ಉಪಯೋಗ ಎಂಬುದರ ಮಾಹಿತಿ ಇಲ್ಲಿದೆ.

ಋತುಬಂಧ ಅಂದರೆ ಏನು?

ಬೇರೆ ಕಾರಣವಿಲ್ಲದೆ ಸತತ 12 ತಿಂಗಳು ಮುಟ್ಟು ಬಾರದಿದ್ದರೆ ಅದು ಋತುಬಂಧ. ಸಾಮಾನ್ಯವಾಗಿ 45ರಿಂದ 55 ವರ್ಷದ ನಡುವೆ ಆಗುತ್ತದೆ. ಭಾರತೀಯ ಮಹಿಳೆಯರಲ್ಲಿ ಸರಾಸರಿ 46-47ರ ಸುಮಾರಿಗೆ. ಅಂಡಾಶಯಗಳು ಈಸ್ಟ್ರೋಜನ್ ಹಾರ್ಮೋನು ತಯಾರಿಸುವುದನ್ನು ಕಡಿಮೆ ಮಾಡುವುದೇ ಇದರ ಮೂಲ. ಮುಟ್ಟು ಪೂರ್ತಿ ನಿಲ್ಲುವ ಕೆಲವು ವರ್ಷ ಮೊದಲೇ ಹಾರ್ಮೋನು ಏರಿಳಿಯಲು ಶುರುವಾಗುತ್ತದೆ. ಹೆಚ್ಚಿನವರಿಗೆ ಕಿರಿಕಿರಿ ಆರಂಭವಾಗೋದು ಆಗಲೇ.

40 ವರ್ಷಕ್ಕಿಂತ ಮೊದಲೇ ಮುಟ್ಟು ನಿಂತರೆ ಅದನ್ನು ಸಹಜ ಅಂತ ಬಿಡಬಾರದು, ತಪಾಸಣೆ ಬೇಕು. ಆಪರೇಷನ್ ಮಾಡಿಸಿ ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆಸಿಕೊಂಡವರಿಗೆ ಋತುಬಂಧ ರಾತ್ರೋರಾತ್ರಿ ಬರುತ್ತದೆ, ತೊಂದರೆಯೂ ಜೋರಾಗಿರುತ್ತದೆ. ಊರಿನಲ್ಲಿ ಗರ್ಭಕೋಶ ತೆಗೆಸಿದವರು ‘ಅಂಡಾಶಯ ಉಳಿಸಿದ್ದಾರಾ?’ ಎಂದು ಕೇಳಿ, ಡಿಸ್ಚಾರ್ಜ್ ಸಮ್ಮರಿಯನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದು ಇಟ್ಟುಕೊಳ್ಳಬೇಕು. ಇಲ್ಲಿನ ಡಾಕ್ಟರಿಗೆ ಅದು ಬೇಕಾಗುತ್ತದೆ.

ಸಾಮಾನ್ಯ ಲಕ್ಷಣಗಳು

* ಮುಖ, ಕುತ್ತಿಗೆ, ಎದೆಗೆ ಬಿಸಿ ಏರಿ ಬೆವರುವುದು, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರು
* ನಿದ್ದೆ ಕೆಡುವುದು, ಸಿಟ್ಟು, ಅಳು, ಮರೆವು, ಮನಸ್ಸು ಕುಗ್ಗುವುದು
* ಗಂಟು ನೋವು, ಎದೆ ಡವಡವ
* ಯೋನಿಯಲ್ಲಿ ಒಣತನ, ಉರಿ, ಮತ್ತೆ ಮತ್ತೆ ಮೂತ್ರದ ಸೋಂಕು

ಥೈರಾಯ್ಡ್ ಹೆಚ್ಚಾದರೂ ಬೆವರು, ಎದೆ ಡವಡವ ಬರುತ್ತದೆ. ಕ್ಷಯರೋಗದಲ್ಲೂ ರಾತ್ರಿ ಬೆವರುತ್ತದೆ. ರಕ್ತಹೀನತೆಯಿಂದ ಸುಸ್ತು, ಸಕ್ಕರೆ ಕಾಯಿಲೆಯಿಂದ ಮೂತ್ರದ ಸೋಂಕು ಬರಬಹುದು. ಆದ್ದರಿಂದ ಒಮ್ಮೆ ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್, ಬಿಪಿ ನೋಡಿಸುವುದು ಒಳ್ಳೆಯದು. 45 ದಾಟಿ ಲಕ್ಷಣಗಳು ಸ್ಪಷ್ಟವಾಗಿದ್ದರೆ ದುಬಾರಿ ಹಾರ್ಮೋನು ಪರೀಕ್ಷೆಗಳು ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಇದನ್ನು ಮಾತ್ರ ತಡ ಮಾಡಬೇಡಿ

ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಸ್ವಲ್ಪವೇ ಆದರೂ ರಕ್ತ ಕಂಡರೆ ಕೂಡಲೇ ಸ್ತ್ರೀರೋಗ ತಜ್ಞರನ್ನು ಕಾಣಬೇಕು. ಹೆಚ್ಚಿನ ಸಲ ಕಾರಣ ಸಣ್ಣದಿರುತ್ತದೆ. ಆದರೆ ಗರ್ಭಕೋಶದ ಕ್ಯಾನ್ಸರ್‌ನ ಮೊದಲ ಸೂಚನೆಯೂ ಇದೇ ಆಗಿರಬಹುದು, ಬೇಗ ಗೊತ್ತಾದರೆ ಗುಣಪಡಿಸುವ ಅವಕಾಶ ಜಾಸ್ತಿ. ‘ಆರು ತಿಂಗಳಲ್ಲಿ ಊರಿಗೆ ಹೋಗ್ತೇನಲ್ಲ, ಅಲ್ಲೇ ತೋರಿಸ್ತೇನೆ’ ಎಂದು ಕಾಯುವ ವಿಷಯ ಇದಲ್ಲ. ಗಂಟೆಗೊಂದು ಪ್ಯಾಡ್ ಬದಲಿಸುವಷ್ಟು ರಕ್ತಸ್ರಾವ, ಸಂಭೋಗದ ನಂತರ ರಕ್ತ, ಎದೆಯಲ್ಲಿ ಗಂಟು, ಇವುಗಳಿಗೂ ಇದೇ ಮಾತು.

ಉಮ್ರಾಗೆ, ಹಜ್‌ಗೆ ಅಥವಾ ಮನೆಯ ಪೂಜೆಗೆ ಮುಟ್ಟು ಮುಂದೂಡುವ ಮಾತ್ರೆಯನ್ನು ಹಲವರು ತೆಗೆದುಕೊಳ್ಳುತ್ತಾರೆ. ಆ ತಿಂಗಳ ಏರುಪೇರು ಮಾತ್ರೆಯಿಂದಲೋ ವಯಸ್ಸಿನಿಂದಲೋ ಎಂದು ಗೊತ್ತಾಗದು. ಡಾಕ್ಟರಿಗೆ ಇದನ್ನು ಹೇಳಲೇಬೇಕು.

ಇನ್ನೊಂದು ವಿಷಯ: ಮುಟ್ಟು ಏರುಪೇರಾದ ಕೂಡಲೇ ಗರ್ಭ ನಿಲ್ಲುವ ಸಾಧ್ಯತೆ ಹೋಗುವುದಿಲ್ಲ. 50 ದಾಟಿದವರು ಕೊನೆಯ ಮುಟ್ಟಿನಿಂದ ಒಂದು ವರ್ಷ, 50ರೊಳಗಿನವರು ಎರಡು ವರ್ಷ ಗರ್ಭನಿರೋಧಕ ಬಳಸಬೇಕು ಎಂಬುದು ಸಾಮಾನ್ಯ ಸಲಹೆ. ವರ್ಷಕ್ಕೊಮ್ಮೆ ರಜೆಯಲ್ಲಿ ಒಟ್ಟಾಗುವ ದಂಪತಿಗಳಿಗೂ ಇದು ಅನ್ವಯ.

ಹಾರ್ಮೋನು ಚಿಕಿತ್ಸೆ: ಹೆದರಬೇಕೇ?

ಮೈ ಬಿಸಿಯೇರುವುದಕ್ಕೆ ಅತ್ಯಂತ ಪರಿಣಾಮಕಾರಿ ಔಷಧ ಈಸ್ಟ್ರೋಜನ್. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವಿಕೆ, ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ ಎಂದು ಹೇಳಿದ ಮೇಲೆ ಜಗತ್ತಿನಾದ್ಯಂತ ಭಯ ಹಬ್ಬಿತು. ಆ ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63. ನಂತರದ ಪರಿಶೀಲನೆಗಳಿಂದ ತಜ್ಞರು ಬಂದಿರುವ ತೀರ್ಮಾನ ಇದು: 60 ವರ್ಷದೊಳಗಿನ ಅಥವಾ ಋತುಬಂಧವಾಗಿ 10 ವರ್ಷ ಮೀರದ, ಬೇರೆ ಅಡ್ಡಿಯಿಲ್ಲದ ಮಹಿಳೆಯರಲ್ಲಿ ಹೆಚ್ಚಿನವರಿಗೆ ಅಪಾಯಕ್ಕಿಂತ ಲಾಭ ಜಾಸ್ತಿ. ಗರ್ಭಕೋಶ ಇರುವವರು ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನ್ ಮಾದರಿಯ ಹಾರ್ಮೋನನ್ನೂ ತೆಗೆದುಕೊಳ್ಳಬೇಕು. ಸ್ತನ ಕ್ಯಾನ್ಸರ್ ಆದವರು, ರಕ್ತ ಹೆಪ್ಪುಗಟ್ಟಿದ್ದವರು, ಲಿವರ್ ಕಾಯಿಲೆ ಇರುವವರು, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇರುವವರಿಗೆ ಸಾಮಾನ್ಯವಾಗಿ ಇದನ್ನು ಕೊಡುವುದಿಲ್ಲ. ರೂಮ್‌ಮೇಟ್‌ಗೆ ಬರೆದುಕೊಟ್ಟ ಮಾತ್ರೆಯನ್ನು ತಾನೂ ನುಂಗುವುದು ಅಪಾಯ.

ಒಣತನ, ಉರಿ ಮಾತ್ರ ಇದ್ದರೆ ಆ ಜಾಗಕ್ಕೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಸಾಕಾಗಬಹುದು. ನಾಚಿಕೆಯಿಂದ ಹೇಳದೆ ವರ್ಷಗಟ್ಟಲೆ ನರಳುವ ಅಗತ್ಯವಿಲ್ಲ. ಹಾರ್ಮೋನು ಆಗದವರಿಗೆ ಬೇರೆ ಮಾತ್ರೆಗಳೂ ಇವೆ.

ಯೋಗ, ಆಪ್ತಸಮಾಲೋಚನೆ, ಆಯುರ್ವೇದ

ಸಮಗ್ರ ಚಿಕಿತ್ಸೆ ಅಂದರೆ ಇಂಗ್ಲಿಷ್ ಮದ್ದು ಬಿಟ್ಟು ಕಷಾಯಕ್ಕೆ ಹೋಗೋದು ಅಂತ ಅಲ್ಲ. ಪ್ರಯೋಜನ ಸಾಬೀತಾಗಿರುವ ಕ್ರಮಗಳನ್ನು ಒಬ್ಬ ಡಾಕ್ಟರ ಗಮನಕ್ಕೆ ತಂದು ಒಟ್ಟಿಗೆ ಮಾಡುವುದು. ಆಲೋಚನೆ ಮತ್ತು ಅಭ್ಯಾಸ ಬದಲಿಸಲು ಕಲಿಸುವ ಆಪ್ತಸಮಾಲೋಚನೆಯಿಂದ ಬಿಸಿಯೇರುವ ಕಿರಿಕಿರಿ, ನಿದ್ದೆಯ ತೊಂದರೆ ಕಡಿಮೆಯಾಗುವುದು ಅಧ್ಯಯನಗಳಲ್ಲಿ ಕಂಡಿದೆ. ಯೋಗದಿಂದ ಮೈ ಬಿಸಿಯೇರುವುದು ನಿಲ್ಲುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಆದರೆ ನಿದ್ದೆ, ಮನಸ್ಸಿನ ನೆಮ್ಮದಿಗೆ ಸಹಾಯವಾಗುತ್ತದೆ.

ಶತಾವರಿ, ಅಶ್ವಗಂಧವನ್ನು ಊರಿನಿಂದ ತರಿಸಿಕೊಳ್ಳುವವರು ಬಹಳ. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು, ಅಪರೂಪಕ್ಕೆ ಲಿವರ್‌ಗೂ ಪೆಟ್ಟು ಕೊಟ್ಟಿದೆ. ಥೈರಾಯ್ಡ್ ಮಾತ್ರೆ ನುಂಗುವವರು ಕೇಳದೆ ತೆಗೆದುಕೊಳ್ಳಬಾರದು. ಲೇಬಲ್ ಇಲ್ಲದ ಪುಡಿ, ಭಸ್ಮ ಸೇರಿದ ಗುಳಿಗೆಗಳಲ್ಲಿ ಸೀಸ, ಪಾದರಸ ಇರಬಹುದು. ಯುಎಇಯಲ್ಲಿ ಲೈಸೆನ್ಸ್ ಪಡೆದ ಆಯುರ್ವೇದ ವೈದ್ಯರಿದ್ದಾರೆ, ಅಂಥವರಲ್ಲೇ ಹೋಗಬೇಕು.

ಊರಿನಿಂದ ಮಾತ್ರೆ ತರುವಾಗ ಪ್ರಿಸ್ಕ್ರಿಪ್ಷನ್ ಜೊತೆಗಿರಲಿ. ಗಂಟು ನೋವಿಗೆ ಕೊಡುವ ಟ್ರಮಡಾಲ್, ಕೊಡೀನ್ ಸೇರಿದ ಮಾತ್ರೆ, ನಿದ್ದೆಗೆ ಕೊಡುವ ಅಲ್ಪ್ರಜೋಲಂ ಮುಂತಾದವು ಯುಎಇಯಲ್ಲಿ ನಿಯಂತ್ರಿತ ಔಷಧಗಳು. ಹೊರಡುವ ಮೊದಲೇ ಅಲ್ಲಿನ ಸರಕಾರದ ಆನ್‌ಲೈನ್ ಅನುಮತಿ ಪಡೆಯದಿದ್ದರೆ ಏರ್‌ಪೋರ್ಟ್‌ನಲ್ಲಿ ಕೇಸು ಬೀಳಬಹುದು.

ಮೂಳೆಗೆ ಊಟ, ಬಿಸಿಲು, ನಡಿಗೆ

ಋತುಬಂಧದ ನಂತರದ ಮೊದಲ ಕೆಲವು ವರ್ಷಗಳಲ್ಲಿ ಮೂಳೆ ವೇಗವಾಗಿ ಸವೆಯುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿರುವಂತೆ ಋತುಬಂಧವಾದ ಮಹಿಳೆಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 350, ಒಂದು ದೊಡ್ಡ ಲೋಟ ಹಾಲು ಅಥವಾ ಮೊಸರಿನಲ್ಲಿ ಸುಮಾರು 250-300 ಮಿಲಿಗ್ರಾಂ ಇದೆ. ಮುಳ್ಳು ಸಮೇತ ತಿನ್ನುವ ಸಣ್ಣ ಮೀನು, ನುಗ್ಗೆಸೊಪ್ಪು, ಎಳ್ಳು ಕೂಡ ಒಳ್ಳೆಯವು. ಕುಬ್ಬೂಸ್ ಮತ್ತು ಚಹಾದಲ್ಲೇ ದಿನ ಮುಗಿಸಿದರೆ ಇದರ ಅರ್ಧವೂ ಸಿಗದು.

ಇಷ್ಟು ಬಿಸಿಲಿನ ನಾಡಿನಲ್ಲಿದ್ದರೂ ಒಳಗೇ ಕೆಲಸ ಮಾಡುವವರಲ್ಲಿ ವಿಟಮಿನ್ ಡಿ ಕೊರತೆ ಸಾಮಾನ್ಯ. ಪರೀಕ್ಷೆ ಮಾಡಿಸಿ, ಬೇಕಾದರೆ ಮಾತ್ರೆ ತೆಗೆದುಕೊಳ್ಳಬಹುದು. ವಾರಕ್ಕೆ 150 ನಿಮಿಷ ಚುರುಕಿನ ನಡಿಗೆ, ಎರಡು ದಿನ ಭಾರ ಎತ್ತುವ ವ್ಯಾಯಾಮ ಮೂಳೆಗೂ ಹೃದಯಕ್ಕೂ ಒಳ್ಳೆಯದು. ರೂಮಿನಲ್ಲಿ ನೀರಿನ ಬಾಟಲಿ ಎತ್ತಿ ಮಾಡಿದರೂ ಆದೀತು.

ವಿಮೆ, ರಜೆ, ಸಹಾಯ

ಯುಎಇಯಲ್ಲಿ ಅಬುಧಾಬಿ, ದುಬೈ ಬಳಿಕ 2025ರ ಜನವರಿ 1ರಿಂದ ಉಳಿದ ಎಮಿರೇಟ್‌ಗಳಲ್ಲೂ ಖಾಸಗಿ ಉದ್ಯೋಗಿಗಳಿಗೆ, ಮನೆಕೆಲಸದವರಿಗೆ ಆರೋಗ್ಯ ವಿಮೆ ಕಡ್ಡಾಯ. ವಿಮೆಯ ಹಣ ಕಟ್ಟುವ ಹೊಣೆ ಮಾಲೀಕರದ್ದು. ಕಾರ್ಡು ಯಾವ ಕ್ಲಿನಿಕ್‌ನಲ್ಲಿ ನಡೆಯುತ್ತದೆ ಎಂದು ಮೊದಲೇ ಕೇಳಿಡಿ. 2022ರ ಮನೆಕೆಲಸದವರ ಕಾನೂನಿನ ಪ್ರಕಾರ ವರ್ಷಕ್ಕೆ 30 ದಿನಗಳವರೆಗೆ ಅನಾರೋಗ್ಯ ರಜೆ ಇದೆ, ಮೊದಲ 15 ದಿನ ಸಂಬಳ ಸಹಿತ. ಡಾಕ್ಟರ ಸರ್ಟಿಫಿಕೇಟ್ ಬೇಕು. ಮಾಲೀಕರು ಆಸ್ಪತ್ರೆಗೆ ಬಿಡದಿದ್ದರೆ ಭಾರತೀಯರ ಸಹಾಯ ಕೇಂದ್ರಕ್ಕೆ 800 46342 ಟೋಲ್ ಫ್ರೀ ಕರೆ ಮಾಡಬಹುದು.

ಹೆಂಡತಿ ಊರಿನಲ್ಲಿ, ಗಂಡ ಇಲ್ಲಿ ಇರುವ ಮನೆಗಳಲ್ಲಿ ಫೋನಿನಲ್ಲಿ ಕೇಳುವ ಸಿಟ್ಟು, ಅಳುವಿನ ಹಿಂದೆ ಕೆಲವೊಮ್ಮೆ ನಿದ್ದೆಗೆಟ್ಟ ತಿಂಗಳುಗಳಿರುತ್ತವೆ. ‘ಈ ತಿಂಗಳು ಹೇಗಿದ್ದೀ, ನಿದ್ದೆ ಬರ್ತಾ ಉಂಟಾ?’ ಎಂದು ಕೇಳುವುದಕ್ಕೆ ದುಡ್ಡೇನೂ ಬೇಕಾಗಿಲ್ಲ. 30 ದಾಟಿದವರಿಗೆ ಬಿಪಿ, ಶುಗರ್, ಸ್ತನ ಮತ್ತು ಗರ್ಭಕೋಶದ ಕೊರಳಿನ ಕ್ಯಾನ್ಸರ್ ತಪಾಸಣೆಗೆ ಸರಕಾರಿ ಕಾರ್ಯಕ್ರಮವಿದೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಆಶಾ ಕಾರ್ಯಕರ್ತೆಯ ಹತ್ತಿರ ವಿಚಾರಿಸಬಹುದು. ಅತಿ ರಕ್ತಸ್ರಾವಕ್ಕೆ ‘ಗರ್ಭಕೋಶ ತೆಗೆಸಿಬಿಡಿ’ ಎಂದು ಯಾರಾದರೂ ಹೇಳಿದರೆ, ಮಾತ್ರೆ ಅಥವಾ ಹಾರ್ಮೋನು ಇರುವ ಕಾಪರ್-ಟಿ ಮಾದರಿಯ ಸಾಧನದಿಂದ ಆಗುತ್ತದೆಯೇ ಎಂದು ಇನ್ನೊಬ್ಬ ತಜ್ಞರನ್ನು ಕೇಳಿದ ನಂತರವೇ ಹಣ ಕಳುಹಿಸಿ.